ನೀರಿನ ದಾರಿಗೆ ಚೆಲ್ಲಿದ ಬೂದಿ

ಹಿಮಾಲಯದಲ್ಲಿ ಒಂದು ಚಳಿಗಾಲ ಕಳೆದಿದ್ದೇನೆ ಎಂದರೆ ಜನ ಫೋಟೊ ಕೇಳುತ್ತಾರೆ. ಫೋಟೊ ಇದೆ, ಹಾಕುವುದಿಲ್ಲ. ಅಲ್ಲಿ ನಾನು ಗೆಳೆಯನೊಬ್ಬನ ಕೆಲಸ ಹಾಳು ಮಾಡಿ ಬಂದೆ.

ಅವನು ಆರ್.ಟಿ. ನಗರದವನು, ಕಾಲೇಜಿನಲ್ಲಿ ನನ್ನ ಬೆಂಚಿನವನು. ನಲವತ್ತು ದಾಟಿದ ಮೇಲೆ ಪಿಎಚ್‌.ಡಿಗೆ ಸೇರಿದ. ಬೆಟ್ಟದ ಹಿಮ ಯಾವಾಗ, ಯಾಕೆ ಕರಗುತ್ತದೆ ಎಂಬುದು ಅವನ ವಿಷಯ. ಉಪಕರಣ ರಿಪೇರಿಗೆ ಒಬ್ಬ ಬೇಕಿತ್ತು. ಯಲಹಂಕದಲ್ಲಿ ಅದೇ ಕೆಲಸ ಮಾಡಿಕೊಂಡಿದ್ದ ನನ್ನನ್ನು ಕರೆದೊಯ್ದ. ಸಂಶೋಧನಾ ಕೇಂದ್ರ ಎಂದರೆ ಎರಡು ಕೋಣೆ, ಒಂದು ಸೌದೆ ಒಲೆ. ರಸ್ತೆ ಮುಚ್ಚಿದರೆ ಏಪ್ರಿಲ್‌ವರೆಗೆ ನಾವಿಬ್ಬರು ಮತ್ತು ಅಡುಗೆ ಮಾಡುವ ಅಲ್ಲಿಯ ಅಜ್ಜ. ಕೊಬ್ಬರಿ ಎಣ್ಣೆ ಬಿಡಿ, ಟೂತ್‌ಪೇಸ್ಟೂ ಕಲ್ಲಾಗುತ್ತಿತ್ತು.

ಮೊದಲ ದಿನವೇ ಗೆಳೆಯ ಹೇಳಿದ್ದ, "ಒಲೆ ಬೂದಿ ಈ ಡ್ರಮ್ಮಿಗೇ ಹಾಕ್ಬೇಕು ಕಣೋ. ಒಂದ್ ಹಿಡೀನೂ ಆಚೆ ಹೋಗ್ಬಾರ್ದು."

"ಯಾಕೋ, ವಿಭೂತಿ ಮಾಡಿ ಮಾರ್ತೀಯಾ?"

"ಹೇಳ್ದಷ್ಟ್ ಮಾಡು ಗುರು."

ಯಾಕೆಂದು ಅವನು ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಒರತೆಯಿಂದ ನೀರು ತರುವುದು ನನ್ನ ಕೆಲಸ. ದಾರಿ ಗಾಜಿನಂತೆ ಜಾರುತ್ತಿತ್ತು. ಡಿಸೆಂಬರಿನಲ್ಲಿ ಬಿದ್ದೆ, ಎರಡು ವಾರ ಸೊಂಟ ಹಿಡಿದುಕೊಂಡಿತು. ಯಲಹಂಕದ ಪಕ್ಕ ಕೋಗಿಲಿನ ನಮ್ಮ ಮನೆಯಲ್ಲಿ ಮಳೆಗಾಲಕ್ಕೆ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಪಾಚಿ ಕಟ್ಟಿದರೆ ಅಮ್ಮ ಹಂಡೆ ಒಲೆಯ ಬೂದಿ ಎರಚುತ್ತಿದ್ದಳು. ನಾನೂ ಅದನ್ನೇ ಮಾಡಿದೆ. ಬೆಳಿಗ್ಗೆ ಗೆಳೆಯ ಏಳುವ ಮೊದಲು, ದಿನಾ ಒಂದು ಬುಟ್ಟಿ. ದಾರಿಯ ಕೆಳಗೇ ಅವನು ಹಿಮ ಅಳೆಯುವ ಜಾಗ, ಸುತ್ತ ಹಗ್ಗ, ಒಳಗೆ ಯಾರೂ ಕಾಲಿಡುವಂತಿಲ್ಲ. ಗಾಳಿ ಬೂದಿಯನ್ನು ಅತ್ತಲೇ ಒಯ್ಯುತ್ತಿತ್ತು. ಮೇಲೆ ಹೊಸ ಹಿಮ ಬಿದ್ದು ಮತ್ತೆ ಎಲ್ಲ ಬಿಳಿ, ಅವನ ಕಣ್ಣಿಗೆ ಬೀಳಲಿಲ್ಲ.

ಜನವರಿಯಲ್ಲಿ ಅಜ್ಜ ಇದನ್ನು ನೋಡಿ ನಕ್ಕರು. ಬಿತ್ತನೆ ಬೇಗ ಆಗಲೆಂದು ನಾವೂ ಹೊಲದ ಹಿಮಕ್ಕೆ ಹೀಗೇ ಬೂದಿ ಚೆಲ್ಲುತ್ತೇವೆ, ಕಪ್ಪಾದ ಹಿಮ ಬಿಸಿಲಿಗೆ ಬೇಗ ಕರಗುತ್ತದೆ ಎಂದು ಹಿಂದಿಯಲ್ಲಿ ಹೇಳಿದರು. ಡ್ರಮ್ಮು ಯಾಕಿತ್ತೆಂದು ಆಗ ತಿಳಿಯಿತು. ಬೂದಿ ಚೆಲ್ಲುವುದು ಬಿಟ್ಟೆ. ಬಾಯಿ ಮಾತ್ರ ಬಿಡಲಿಲ್ಲ. ಇನ್ನೂ ಮೂರು ತಿಂಗಳು ಅದೇ ಕೋಣೆಯಲ್ಲಿ ಅವನ ಮುಖ ನೋಡಬೇಕಿತ್ತು. ಹೇಡಿತನ, ಬೇರೇನಲ್ಲ.

ಏಪ್ರಿಲ್‌ನಲ್ಲಿ ಅವನು ಹಗ್ಗದೊಳಗೆ ಗುಂಡಿ ತೋಡಿದ. ಹಿಮದ ಗೋಡೆಯಲ್ಲಿ ಬೂದು ಬಣ್ಣದ ಗೆರೆಗಳು, ಒಂದರ ಮೇಲೊಂದು.

"ಮಗಾ, ಬಾರೋ ಇಲ್ಲಿ! ಧೂಳು ನೋಡೋ! ಮರುಭೂಮಿಯಿಂದ ಗಾಳೀಲಿ ಬಂದಿರೋದು. ಅದಕ್ಕೇ ಈ ಸಲ ಇಷ್ಟ್ ಬೇಗ ಕರಗ್ತಿದೆ. ಸಿಕ್ತು ಕಣೋ, ನನ್ ಥೀಸಿಸ್ ಸಿಕ್ತು!"

ಗುಂಡಿಯೊಳಗೆ ಕುಣಿಯುತ್ತಿದ್ದ.

"ಧೂಳಲ್ಲ ಕಣೋ. ನಮ್ಮೊಲೆ ಬೂದಿ. ನಾನೇ ಚೆಲ್ಲಿದ್ದು."

ಅವನು ಒಂದು ಗೆರೆಯನ್ನು ಕೆರೆದು ಬೆರಳಲ್ಲಿ ಉಜ್ಜಿ ನೋಡಿದ. "ಹಿಮ ಕರಗ್ಸುತ್ತೆ ಅಂತ ಯಾವತ್ತಿಂದ ಗೊತ್ತು?"

"ಜನವರಿಯಿಂದ."

"ಆಗ್ಲೇ ಹೇಳಿದ್ರೆ ಬೇರೆ ಕಡೆ ಹಗ್ಗ ಕಟ್ತಿದ್ದೆ. ಅರ್ಧ ಚಳಿಗಾಲನಾದ್ರೂ ಉಳೀತಿತ್ತು."

ಬೈಯಲಿಲ್ಲ. ಒಳಗೆ ಹೋಗಿ ಅಳತೆ ಬರೆಯುವ ಪುಸ್ತಕದಲ್ಲಿ ಡಿಸೆಂಬರಿನಿಂದ ಮುಂದಿನ ಪುಟಗಳಿಗೆಲ್ಲ ಅಡ್ಡಗೆರೆ ಎಳೆದ. ಇನ್ನೊಂದು ಚಳಿಗಾಲಕ್ಕೆ ಅವನಿಗೆ ಅನುಮತಿ ಸಿಗಲಿಲ್ಲ. ಪಿಎಚ್‌.ಡಿ ಅಲ್ಲಿಗೇ ನಿಂತಿತು.

ಮೊನ್ನೆ ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಎದುರಿಗೇ ಸಿಕ್ಕ. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ, ಇಬ್ಬರಿಗೂ.

"ಸೊಂಟ ಹೇಗಿದೆ?" ಎಂದ.

"ಚೆನ್ನಾಗಿದೆ," ಎಂದೆ. ನಿಜವಾಗಿಯೂ ಚೆನ್ನಾಗಿತ್ತು.

"ಒಳ್ಳೇದಾಯ್ತು ಬಿಡು," ಎಂದವನೇ ಬಂದ ಬಸ್ಸು ಹತ್ತಿದ. ಅದು ಅವನ ಕಡೆ ಹೋಗುವ ಬಸ್ಸಾಗಿರಲಿಲ್ಲ.