ಬಾರದ ನೀರಿಗೆ ಓಡಿದವರು

“ನೀಳ್ಳೊಚ್ಚಿನಾಯ್!” ಪಾವಗಡಕ್ಕೆ ಬಂದ ಮೂರನೇ ಬೆಳಗ್ಗೆ ಬೀದಿಯಲ್ಲಿ ಈ ಕೂಗು ಕೇಳಿ, ಎಲ್ಲೋ ಬೆಂಕಿ ಬಿದ್ದಿದೆ ಅಂದುಕೊಂಡು ಮಗಳ ಕೈಹಿಡಿದು ಹೊರಗೋಡಿದೆ. ಹೆಂಗಸರೆಲ್ಲ ಬಿಂದಿಗೆ ಹಿಡಿದು ನಲ್ಲಿಯ ಕಡೆ ಓಡುತ್ತಿದ್ದರು. ಎದುರುಮನೆಯ ಈರಮ್ಮ ನನ್ನ ಬರಿಗೈ ನೋಡಿ, “ನೀರು ಬಂದೈತೆ ಕಣಮ್ಮ, ಕೊಡ ತಗಂಬಾ” ಎಂದರು. ಕೂಗಿದ್ದು ತೆಲುಗಿನಲ್ಲಿ, ಕರೆದದ್ದು ಕನ್ನಡದಲ್ಲಿ. ಇಲ್ಲಿ ಎರಡೂ ಸಲೀಸು.

ನಮ್ಮ ಕರಾವಳಿಯ ಕುಮಟಾ ಕಡೆ ಬಾವಿಗೆ ಕೊಡ ಬಿಟ್ಟರೆ ನೀರು. ಇಲ್ಲಿ ಬೀದಿ ನಲ್ಲಿಗೆ ಯಾವಾಗ ನೀರು ಬರುತ್ತದೆಂದು ಯಾರಿಗೂ ತಿಳಿಯದು. ಮೊದಲು ಕಂಡವರು ಕೂಗಬೇಕು. ಪಶು ಆಸ್ಪತ್ರೆಯ ಕೆಲಸಕ್ಕೆ ವರ್ಗವಾಗಿ, ಯಾರ ಗುರುತೂ ಇಲ್ಲದೆ ಬಂದ ನನಗೆ ಆ ಕೂಗು ನನ್ನ ಬಾಗಿಲಿಗೂ ಬರುತ್ತದೆ ಎನ್ನುವುದೇ ದೊಡ್ಡ ಸಮಾಧಾನವಾಗಿತ್ತು.

ಹತ್ತು ವರ್ಷದ ಮಗಳು ಮಾನಸಾಗೆ ಇಲ್ಲಿ ಗೆಳತಿಯರಿರಲಿಲ್ಲ. ಮೊಬೈಲಿನಲ್ಲಿ ಪ್ರಾಂಕ್ ವಿಡಿಯೋ ನೋಡುತ್ತ ಕೂರುತ್ತಿದ್ದಳು. ನಾನೇನೂ ಕಣ್ಣುಮುಚ್ಚಿ ಬಿಟ್ಟವಳಲ್ಲ, ಪಕ್ಕದಲ್ಲೇ ಕೂತು ನೋಡಿದ್ದೆ. ಬೈಗುಳವಿಲ್ಲ, ಹೊಡೆದಾಟವಿಲ್ಲ, ಸುಳ್ಳು ಹೇಳಿ ಜನರನ್ನು ಓಡಿಸಿ ನಗುವುದಷ್ಟೆ. ಮಕ್ಕಳಾಟ, ನೋಡಲಿ ಬಿಡು ಎಂದುಕೊಂಡೆ.

ಒಂದು ಭಾನುವಾರ ಅವಳು ಮೊಬೈಲಿನಲ್ಲಿ ವಿಡಿಯೋ ಮಾಡುತ್ತ ಬೀದಿಯಲ್ಲಿ ನಿಂತು, “ನೀಳ್ಳೊಚ್ಚಿನಾಯ್” ಎಂದು ಕೂಗಿದಳು. ಮುದ್ದೆ ತಿರುವುತ್ತಿದ್ದ ಈರಮ್ಮ ಒಲೆ ಬಿಟ್ಟು, ಬಿಂದಿಗೆ ಹಿಡಿದು ನೋಯುವ ಮಂಡಿಯಲ್ಲೇ ಓಡಿ ಬಂದರು. ಹಿಂದೆಯೇ ಬೀದಿಯ ಹೆಂಗಸರೆಲ್ಲ ಬಂದರು. ನಲ್ಲಿ ಒಣಗಿತ್ತು.

ಸಂಜೆ ಮಗಳನ್ನು ಕರೆದುಕೊಂಡು ತಪ್ಪಾಯಿತು ಎನ್ನಲು ಹೋದೆ. ಈರಮ್ಮ ಬೈಯಲಿಲ್ಲ. ವಿಡಿಯೋ ಹಾಕಿಸಿಕೊಂಡು ನೋಡಿದರು. “ಇದ್ರಾಗೆ ನಿನ್ ನಗು ಕೇಳ್ತೈತೆ ಕಣಮ್ಮ. ನನ್ ಮಖ ನಗ್ತೈತಾ, ನೀನೇ ಹೇಳು” ಎಂದು ಮಗಳನ್ನು ಕೇಳಿದರು. ಮಗಳು ಅತ್ತಳು. ನನಗೆ ನಾಚಿಕೆಯಾಯಿತು. ಅಷ್ಟು ವಿಡಿಯೋ ನೋಡಿದ್ದೆ, ಓಡಿದವರ ಮುಖ ಮಾತ್ರ ನೋಡಿರಲಿಲ್ಲ.

ಇನ್ನು ನೀರು ಬಂದರೆ ನಮ್ಮನ್ನು ಕರೆಯುತ್ತಾರೋ ಇಲ್ಲವೋ ಎಂಬ ಅಳುಕಿತ್ತು. ಗುರುವಾರ ಈರಮ್ಮನೇ ಬಾಗಿಲು ಬಡಿದರು. “ಬಂದೈತೆ. ನಿನ್ ಮಗಳನ್ನೇ ಕಳಿಸು, ಎಲ್ಲಾರ್ಗೂ ಹೇಳ್ಬುಟ್ಟು ಬರ್ಲಿ.” ಮಗಳು ಕೂಗಿದಳು. ಯಾರೂ ಹೊರಬರಲಿಲ್ಲ. ಆಮೇಲೆ ಒಂದೊಂದೇ ಬಾಗಿಲು ತಟ್ಟಿ, “ನಿಜವಾಗಿ ಬಂದಿದೆ” ಎಂದು ಹೇಳಿ ಬಂದಳು.

ಈಗ ಯಾವ ಪ್ರಾಂಕ್ ಆದರೂ ಇಬ್ಬರೂ ಕೊನೆಯವರೆಗೆ ನೋಡುತ್ತೇವೆ. ಮೋಸಹೋದವರೂ ಮನಸಾರೆ ನಕ್ಕರೆ ಸರಿ, ಇಲ್ಲದಿದ್ದರೆ ಅವಳೇ ಮೊಬೈಲ್ ಕೆಳಗಿಡುತ್ತಾಳೆ.

ರಜೆಯಲ್ಲಿ ಕುಮಟಾಕ್ಕೆ ಹೋದಾಗ ಬಾವಿಕಟ್ಟೆಯ ಮೇಲೆ ಕೂತು ಅಣ್ಣನ ಮಕ್ಕಳಿಗೆ ಇದನ್ನೆಲ್ಲ ಹೇಳಿದೆ. ಈರಮ್ಮ ಬಿಂದಿಗೆ ಹಿಡಿದು ಓಡಿದ್ದನ್ನು ಕೇಳಿ ಅವರು ಬಿದ್ದು ಬಿದ್ದು ನಕ್ಕರು. ಅವರ ಜೊತೆ ನನಗೂ ನಗು ಬಂದುಬಿಟ್ಟಿತು. ಮಗಳು ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.