ಬೆವರಿದ ಉಪ್ಪು

ಇವತ್ತು ಬೆಳಗ್ಗೆ ಸಾರಿಗೆ ಉಪ್ಪು ಹಾಕೋಣವೆಂದು ಜಾಡಿಗೆ ಕೈ ಹಾಕಿದರೆ ಬೆರಳೆಲ್ಲ ಒದ್ದೆ. ಕಲ್ಲುಪ್ಪು ನೀರು ಬಿಟ್ಟುಕೊಂಡು ಕೂತಿತ್ತು. ದೊಡ್ಡಬಳ್ಳಾಪುರದ ನನ್ನ ಅಡುಗೆಮನೆಯಲ್ಲಿ ಹೀಗಾದದ್ದು ಇದೇ ಮೊದಲು. "ಅಕ್ಕಾ, ಇಲ್ನೋಡ್ಬನ್ನಿ" ಎಂದು ಪಕ್ಕದ ಮನೆಯತ್ತ ಕೂಗಲು ಬಾಯಿ ತೆರೆದೆ... ಆಮೇಲೆ ನೆನಪಾಯಿತು.

ಆಕೆ ಹೊನ್ನಾವರದ ಕಡೆಯವರು. ಗಂಡನಿಗೆ ದಾಬಸ್‌ಪೇಟೆಯ ಗೋದಾಮಿನಲ್ಲಿ ಕೆಲಸ ಸಿಕ್ಕಿ, ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದರು. ಸಮುದ್ರ ಅಂದರೆ ಮಂಗಳೂರೊಂದೇ ಎಂದು ತಿಳಿದಿದ್ದ ನಮ್ಮ ಬೀದಿಗೆ ಆಕೆ ಮಂಗ್ಳೂರಕ್ಕನಾದರು. "ಮಂಗಳೂರು ನಾನೂ ನೋಡ್ಲಿಲ್ಲ ಮಾರಾಯ್ತಿ" ಎಂದು ನಗುತ್ತಿದ್ದರೇ ಹೊರತು ಯಾರನ್ನೂ ತಿದ್ದಲಿಲ್ಲ.

ನಮ್ಮ ಬಿಸಿಲು ಮಾತ್ರ ಆಕೆಗೆ ಕಡೆವರೆಗೂ ಒಗ್ಗಲಿಲ್ಲ. "ಇದೆಂತ ಬಿಸಿಲು? ಮೈ ಸುಡ್ತದೆ, ಒಂದು ಹನಿ ಬೆವರಿಲ್ಲ." ಬೆವರಲಿಲ್ಲ ಅಂತ ಕೊರಗುವವರನ್ನು ನಾನು ಕಂಡದ್ದು ಅದೇ ಮೊದಲು. ಅವರೂರಲ್ಲಿ ಮೇ ತಿಂಗಳ ಸೆಕೆಗೆ ಸೀರೆ ಮೈಗಂಟುತ್ತದಂತೆ, ಮಧ್ಯಾಹ್ನ ಕಡಲಗಾಳಿ ಬೀಸಿದರೇ ಹೋದ ಜೀವ ಬರುವುದಂತೆ. ಜಾಡಿಯ ಉಪ್ಪು ಬೆವರಿತೋ, ಮಳೆ ಬಂತೆಂದೇ ಲೆಕ್ಕ. ತವರಿನ ಉಪ್ಪಿನ ಜಾಡಿಯನ್ನು ಇಲ್ಲಿಗೂ ತಂದಿದ್ದರು. ಪ್ರತಿ ಬೇಸಿಗೆಯ ಕೊನೆಗೆ ಮುಟ್ಟಿ ನೋಡುವರು. ಒಣಗಿಕೊಂಡೇ ಇರುತ್ತಿತ್ತು. "ನಮ್ಮೂರಿಗ್ ಬಂದ್ಮೇಲೆ ಅದಕ್ಕೂ ಬೆವರೋದು ಮರ್ತೋಗಿದೆ ಬಿಡಿ ಅಕ್ಕ" ಎಂದು ರೇಗಿಸುತ್ತಿದ್ದೆ.

ಕಡೇ ವರ್ಷ ಆಕೆಗೆ ಹೃದಯದ ಕಾಯಿಲೆ. ಹಿಡಿದದ್ದು ಒಂದೇ ಹಟ. ಮಳೆಗಾಲ ಮುಗಿಯುತ್ತಲೇ ತವರಿಗೆ ಹೋಗಬೇಕು, ಅಂಗಳದಲ್ಲಿ ಕೂತು ಬಿಸಿಲು ಕಾಯಿಸಬೇಕು. ನವರಾತ್ರಿ ಹೊತ್ತಿಗೆ ಕಡಲ ಅಬ್ಬರ ಇಳಿದು, ಅಲ್ಲಿಯ ಬೆಳಗಿನ ಬಿಸಿಲು ತೊಳೆದಿಟ್ಟ ಹಾಗಿರುತ್ತದಂತೆ. "ಮಳೆ ಬಿಡ್ಲಿ, ನಾನೇ ಬಂದು ಕರ್ಕೊಂಡು ಹೋಗ್ತೆ" ಎಂದು ಊರಲ್ಲಿದ್ದ ಆಕೆಯ ತಮ್ಮ ಮಾತು ಕೊಟ್ಟಿದ್ದ.

ಮಳೆ ಬಿಡುವ ಮೊದಲೇ ಅವನ ಫೋನು ಬಂತು. ನಾನು ಅಲ್ಲೇ ಇದ್ದೆ. ತವರಿನ ಅಂಗಳ, ತೆಂಗಿನ ಮರಗಳು, ಅರ್ಧ ಮನೆ ಕಡಲಪಾಲಾಗಿತ್ತು. ಆಕೆ ಅಳಲಿಲ್ಲ... "ಇನ್ನು ಬಿಸಿಲು ಕಾಯಿಸ್ಲಿಕ್ಕೆ ಎಲ್ಲಿ ಕೂತ್ಕೊಳ್ಳೂದು?" ಎಂದು ನನ್ನನ್ನೇ ಕೇಳಿದರು. ನಮ್ಮನೆ ಮುಂದೆ ಬೇಕಾದಷ್ಟು ಬಿಸಿಲಿತ್ತು.

ಸಂಕ್ರಾಂತಿಗೆ ಮುಂಚೆಯೇ ತೀರಿಹೋದರು. ಮನೆ ಖಾಲಿ ಮಾಡುವಾಗ ಅವರ ಗಂಡ ಈ ಜಾಡಿಯನ್ನು ನನ್ನ ಕೈಗಿತ್ತರು.

ವಾರದಿಂದ ನಮ್ಮೂರಲ್ಲೂ ಒಂಥರಾ ಅಂಟು ಸೆಕೆ. ಆಕೆ ಅಷ್ಟು ವರ್ಷ ಕಾದ ಬೆವರು ಈಗ ಬಂದು ಯಾರಿಗೆ ಏನಾಗಬೇಕು... ನೀರು ಬಸಿದು, ಉಪ್ಪನ್ನು ತಟ್ಟೆಯಲ್ಲಿ ಹರಡಿ ಒಣಗಿಸಲೆಂದು ಹೊರಗೆ ಬಂದೆ. ಬಿಸಿಲಿರಲಿಲ್ಲ.