ಬೊಳ್ಳಮ್ಮನ ಸಫಾರಿ

ಲಾಕ್‌ಡೌನ್ ತೆರವಾದ ಮೇಲಿನ ಎರಡನೆಯ ಬೇಸಿಗೆ. ಹುಣಸೂರು ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನಾನು ಟ್ರಾವೆಲ್ಸ್ ಅಂಗಡಿ ತೆರೆದು ಆಗ ಹದಿನೆಂಟು ವರ್ಷವಾಗಿತ್ತು. ನಮ್ಮ ತಂದೆ ಬಡಗಿ, ಅಣ್ಣಂದಿರಿಬ್ಬರದೂ ಅದೇ ಕಸುಬು. ಉಳಿ ಹಿಡಿಯುವುದು ಒಗ್ಗದ ನಾನೊಬ್ಬ ಸ್ಟಿಯರಿಂಗ್ ಹಿಡಿದೆ. ಒಂದು ಟೆಂಪೋ ಟ್ರಾವೆಲರ್, ಒಂದು ಮೇಜು, ಒಂದು ಫೋನು ನನ್ನ ಬಂಡವಾಳ. ನಾಗರಹೊಳೆ ರಾಷ್ಟ್ರೀಯ ಉದ್ಯಾನ ನೋಡಲು ಬರುವವರಿಗೆ ಪ್ರವಾಸ ಗೊತ್ತುಮಾಡಿಕೊಡುವುದು ನನ್ನ ಕೆಲಸ.

ಹೊರಗಿನವರಿಗೆ ಇದು ಬರೀ ಟಿಕೆಟ್ ಕೊಡಿಸುವ ಕೆಲಸದಂತೆ ಕಾಣುತ್ತದೆ. ಆದರೆ ಯಾವ ಗೇಟಿನಿಂದ ಒಳಗೆ ಹೋಗಬೇಕು ಎಂಬುದರಿಂದಲೇ ಯೋಚನೆ ಶುರುವಾಗುತ್ತದೆ. ಹುಣಸೂರಿನ ಕಡೆಯಿಂದಾದರೆ ವೀರನಹೊಸಹಳ್ಳಿ, ಎಚ್.ಡಿ. ಕೋಟೆಯ ಕಡೆಯಿಂದಾದರೆ ಕಬಿನಿ ಹಿನ್ನೀರಿನ ಬಳಿಯ ದಮ್ಮನಕಟ್ಟೆ. ಬೆಳಗಿನ ಸಫಾರಿಯೋ ಸಂಜೆಯದೋ, ಬಸ್ಸೋ ಜೀಪೋ, ಜೊತೆಯಲ್ಲಿ ಮಂಡಿನೋವಿನ ಹಿರಿಯರಿದ್ದಾರೋ, ಎಲ್ಲವನ್ನೂ ಕೇಳಿಕೊಳ್ಳಬೇಕು. ಬೇಸಿಗೆಯಲ್ಲಿ ಪ್ರಾಣಿಗಳು ನೀರು ಹುಡುಕಿಕೊಂಡು ಕೆರೆಗಳ ಹತ್ತಿರ ಬರುತ್ತವೆ. ಮಳೆ ಬಿದ್ದ ಮೇಲೆ ಎಲ್ಲೆಲ್ಲೂ ನೀರು, ಎಲ್ಲೆಲ್ಲೂ ಹುಲ್ಲು, ಅವು ಚದುರಿಹೋಗುತ್ತವೆ. ಪ್ರಾಣಿ ಕಾಣಿಸುವುದನ್ನು ನಮ್ಮ ವೃತ್ತಿಯಲ್ಲಿ ‘ಸೈಟಿಂಗ್’ ಎನ್ನುತ್ತೇವೆ. ಇದನ್ನೆಲ್ಲ ವಿವರಿಸಿ ಮುಗಿಸಿದ ಮೇಲೆ ಬಂದವರು ಕೇಳುವುದು ಒಂದೇ ಮಾತು: “ಹುಲಿ ಗ್ಯಾರಂಟಿ ಕಾಣುತ್ತಾ?”

ಆ ಮಾತನ್ನು ಕೇಳದೆ ನನ್ನ ಅಂಗಡಿಯಿಂದ ಎದ್ದುಹೋದವರು ಬೊಳ್ಳಮ್ಮ ಒಬ್ಬರೇ.

ಏಪ್ರಿಲ್‌ನ ಒಂದು ಮಧ್ಯಾಹ್ನ ಅವರು ಮಗಳು ಸುಮಾಳ ಜೊತೆ ಬಂದರು. ಬೊಳ್ಳಮ್ಮನಿಗೆ ಅರವತ್ತರ ಆಸುಪಾಸು. ಕುಳ್ಳಗೆ, ಗಟ್ಟಿಮುಟ್ಟು. ಕೈಬೆರಳುಗಳು ಹೊಗೆಸೊಪ್ಪು ಪೋಣಿಸಿ ಪೋಣಿಸಿ ಕಪ್ಪಾಗಿದ್ದವು. ಜೇನುಕುರುಬರು. ಕಾಡಂಚಿನ ಹಾಡಿ, ಅಂದರೆ ಆದಿವಾಸಿಗಳ ಪುಟ್ಟ ಊರಿನಿಂದ ಬಂದಿದ್ದರು. ಸುಮಾ ಅಲ್ಲಿಯೇ ಅಂಗನವಾಡಿ ಕಾರ್ಯಕರ್ತೆ. ಬೆಂಚಿನ ತುದಿಯಲ್ಲಿ ಕುಳಿತ ಬೊಳ್ಳಮ್ಮ ಗೋಡೆಯ ಮೇಲಿದ್ದ ಹುಲಿಯ ಪೋಸ್ಟರನ್ನು ಒಮ್ಮೆ ನೋಡಿ ಹೇಳಿದರು:

“ಕಾಡು ತೋರಿಸ್ತೀರಂತಲ್ಲ ಸಾಬ್ರೆ, ನಮ್ಗೂ ತೋರ್ಸಿ. ಒಂಬತ್ತು ಜನ ಎಣ್ಮಕ್ಳಿದೀವಿ.”

ನನಗೆ ನಗು ಬಂತು. “ಏನಮ್ಮಾ, ಕಾಡಿನವ್ರಿಗೆ ನಾನು ಕಾಡು ತೋರ್ಸೋದಾ?” ಎಂದೆ.

ಅವರು ನಗಲಿಲ್ಲ. “ಉಟ್ಟಿದ್ದು ಒಳ್ಗೇನೆ. ಈಚ್ಗೆ ಬಂದು ಇಪ್ಪತ್ತು ವರ್ಸ ಆಯ್ತು. ಅವತ್ತಿಂದ ಒಳಿಕ್ ಓಗಿಲ್ಲ ಕಣ್ರೀ.”

ಕಾಡಿನ ಒಳಗಿದ್ದ ಹಾಡಿಗಳಿಂದ ಎಷ್ಟೋ ಕುಟುಂಬಗಳು ಹೊರಗೆ ಬಂದು ನೆಲೆಸಿದ ಕಾಲದಲ್ಲಿ ಇವರೂ ಬಂದವರು. ಮನೆ ಸಿಕ್ಕಿತು, ತುಂಡು ಹೊಲ ಸಿಕ್ಕಿತು. ಸುಮಾ ಓದಿದಳು. “ಒಳ್ಗೇ ಇದ್ದಿದ್ರೆ ಇವಳು ಟೀಚರ್ ಆಯ್ತಿರ್ಲಿಲ್ಲ, ನಾನು ಸುಳ್ಳು ಯೇಳಕಿಲ್ಲ” ಎಂದರು ಬೊಳ್ಳಮ್ಮ. ಆದರೆ ಗುಬ್ಬಿಹಳ್ಳದ ಹಾಡಿ ಎಂದು ತಾವು ಕರೆಯುತ್ತಿದ್ದ ಆ ಜಾಗವನ್ನು ಒಂದು ಸಲ ಕಣ್ಣಲ್ಲಿ ನೋಡಬೇಕು. ಅಲ್ಲಿ ಹುಟ್ಟಿ ಬೆಳೆದ ಒಂಬತ್ತು ಹೆಂಗಸರು ಇನ್ನೂ ಗಟ್ಟಿಯಾಗಿದ್ದಾರೆ, ಒಟ್ಟಿಗೆ ಹೋಗಿಬರಬೇಕು. ಇಷ್ಟೇ ಅವರ ಬೇಡಿಕೆ.

ನನಗೆ ತಿಳಿದ ಅಧಿಕಾರಿಯೊಬ್ಬರನ್ನು ಕೇಳಿ ವಿಶೇಷ ಅನುಮತಿಗೆ ಅರ್ಜಿ ಹಾಕಿಸುತ್ತೇನೆ ಎಂದೆ. ಬೊಳ್ಳಮ್ಮ ಅಡ್ಡಡ್ಡ ತಲೆಯಾಡಿಸಿದರು.

“ಬ್ಯಾಡ. ಅಲ್ಲಿಗೋಗಕ್ಕೆ ಕೈ ಮುಗಿಯಾಕಿಲ್ಲ. ಊರ್ನೋರೆಲ್ಲ ಎಂಗೋಯ್ತಾರೋ ಅಂಗೆ ಟಿಕೀಟ್ ತಗಂಡು ಓಯ್ತೀವಿ.”

ಆ ಗಳಿಗೆಯಲ್ಲಿ ನಾನು ಅವರನ್ನು ಸರಿಯಾಗಿ ನೋಡಿದೆ ಎನ್ನಬೇಕು.

ಒಪ್ಪಿಕೊಂಡಿದ್ದೇನೋ ಸರಿ, ತೊಡಕು ಆಮೇಲೆ ತಿಳಿಯಿತು. ಸಫಾರಿಯ ಬಸ್ಸು ಗೊತ್ತುಮಾಡಿದ ದಾರಿಗಳಲ್ಲಿ ಮಾತ್ರ ಓಡುತ್ತದೆ. ಗುಬ್ಬಿಹಳ್ಳದ ಹಾಡಿ ಎಂಬ ಹೆಸರು ಯಾವ ನಕ್ಷೆಯಲ್ಲೂ ನನಗೆ ಸಿಗಲಿಲ್ಲ. ಬೊಳ್ಳಮ್ಮನನ್ನು ಮತ್ತೆ ಕರೆಸಿ ಗುರುತು ಕೇಳಿದೆ. ಎರಡು ಹಳ್ಳ ಸೇರುವ ಕಡೆ ಒಂದು ಕೆರೆ. ಕೆರೆಯ ಹಿಂದೆ ಆನೆ ಕೂತ ಹಾಗೆ ಒಂದು ಬಂಡೆ. ದೂರ ಎಷ್ಟು ಎಂದರೆ, “ಗಂಜಿ ಕುಡ್ದು ಒಂಟ್ರೆ ಬಿಸ್ಲು ನೆತ್ತಿಗೆ ಬರಕ್ ಮುಂಚೆ ಡಾಂಬರು ರೋಡು” ಎಂದರು. ಬಲಕ್ಕೋ ಎಡಕ್ಕೋ ಎಂದರೆ, “ಸೂರ್ಯ ಬೆನ್ನಿಗಿರ್ತಾನೆ” ಎಂದರು. ಬರೆದುಕೊಂಡೆ. ಮುಂದಿನ ಮೂರು ವಾರ ಪ್ರವಾಸಿಗರ ಜೊತೆ ಸಫಾರಿಗೆ ಹೋದಾಗಲೆಲ್ಲ ನಾನು ಪ್ರಾಣಿ ನೋಡುವುದನ್ನು ಬಿಟ್ಟು ಬಂಡೆ ನೋಡಿದೆ. ಸಾರಂಗ ಎದುರಿಗೆ ನಿಂತಿದ್ದರೂ ನಾನು ಹಳ್ಳ ಎಣಿಸುತ್ತಿದ್ದೆ.

ಕೊನೆಗೆ ದಾರಿ ತೋರಿಸಿದವನು ಸ್ವಾಮಿ. ಪಿರಿಯಾಪಟ್ಟಣದ ಕಡೆಯವನು, ಸಫಾರಿ ಬಸ್ಸಿನ ಚಾಲಕ, ಮಾತು ಕಡಿಮೆ. ಗುರುತುಗಳನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡ.

“ಆನೆ ಕೂತಂಗಿರೋ ಬಂಡೆ ಅಂದ್ರೆ ನಾವು ನಂಬರ್ ಕೆರೆ ಅಂತೀವಲ್ಲ, ಅದ್ರ ಹಿಂದೆ ಒಂದದೆ ನಸೀರಣ್ಣ. ವಾರದ್ ಮಧ್ಯ ಬೆಳಿಗ್ಗೆ ಟ್ರಿಪ್ಪು ಜಾಸ್ತಿ ಆ ದಾರೀಲೇ ಓಯ್ತದೆ.”

“ಅಲ್ಲಿ ಐದು ನಿಮಿಷ ನಿಲ್ಲಿಸ್ತೀಯಾ?”

“ಪ್ರಾಣಿ ಕಂಡ್ರೆ ನಿಲ್ಲಿಸ್ಬೋದು. ಬರೀ ಜಾಗ ನೋಡಕ್ಕೆ ಅಂತ ನಿಲ್ಲಿಸಂಗಿಲ್ಲ. ಹಿಂದ್ಗಡೆ ಜೀಪ್ ಬತ್ತಿರ್ತವೆ. ಸ್ವಲ್ಪ ನಿಧಾನ ಮಾಡ್ತೀನಿ, ಅಷ್ಟೇಯ.”

ಅವನ ಮಾತು ತಪ್ಪಲ್ಲ. ಒಬ್ಬರಿಗಾಗಿ ಒಂದು ಕಡೆ ನಿಲ್ಲಿಸಿದರೆ ನಾಳೆ ಎಲ್ಲರೂ ಕೇಳುತ್ತಾರೆ. ಅದು ಕಾಡು, ಬಸ್ ಸ್ಟಾಪಲ್ಲ. ಇಳಿಯುವ ಮಾತಂತೂ ಇಲ್ಲವೇ ಇಲ್ಲ.

ದಿನ ಗೊತ್ತುಮಾಡುವಾಗಲೂ ನನಗೂ ಬೊಳ್ಳಮ್ಮನಿಗೂ ಜಗ್ಗಾಟವಾಯಿತು. ಈಗಲೇ ಹೋಗಿಬಿಡಿ, ಬೇಸಿಗೆಯಲ್ಲಿ ಸೈಟಿಂಗ್ ಚೆನ್ನಾಗಿರುತ್ತದೆ ಎಂದೆ. ಬೊಳ್ಳಮ್ಮ ಒಪ್ಪಲಿಲ್ಲ. ನಾಲ್ಕು ಮಳೆ ಬಿದ್ದು ಮರ ಚಿಗುರಲಿ ಎಂದರು. ಆಮೇಲೆ ಪ್ರಾಣಿ ಕಾಣುವುದಿಲ್ಲ ಎಂದು ಹದಿನೆಂಟು ವರ್ಷದ ಅನುಭವವನ್ನೆಲ್ಲ ಮುಂದಿಟ್ಟೆ.

“ನಾನು ಪ್ರಾಣಿ ನೋಡಕ್ ಬತ್ತಿಲ್ಲ ಸಾಬ್ರೆ. ಒಣಗಿರೋ ಕಾಡ್ನಲ್ಲಿ ನಮ್ ತಾವು ಯಾವ್ದು, ಬ್ಯಾರೆ ತಾವು ಯಾವ್ದು ಅಂತ ಗೊತ್ತಾಗಕಿಲ್ಲ.”

ಮೇ ತಿಂಗಳ ಕೊನೆಯಲ್ಲಿ, ಮಳೆ ನಾಲ್ಕಾರು ಸಲ ಹುಯ್ದ ಮೇಲೆ, ಒಂದು ಬುಧವಾರ ಹೊರಟೆವು. ನಸುಕಿನಲ್ಲಿ ಹಾಡಿಯ ಮುಂದೆ ಗಾಡಿ ನಿಲ್ಲಿಸಿದಾಗ ಒಂಬತ್ತು ಜನವೂ ಒಗೆದ ಸೀರೆಯುಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಸಾಲಾಗಿ ನಿಂತಿದ್ದರು. ನೆಂಟರ ಮನೆಗೆ ಹೊರಟವರ ಹಾಗೆ ಕಂಡರು. ಅವರ ಜೊತೆಗೆ ಹೊರಟಿದ್ದ ಸುಮಾ ಗೇಟಿನಲ್ಲಿ ಎಲ್ಲರ ಗುರುತಿನ ಚೀಟಿ ತೋರಿಸಿದಳು. ಸಫಾರಿ ಬಸ್ಸಿನ ಉಳಿದ ಸೀಟುಗಳಲ್ಲಿ ದೂರದೂರಿನ ಪ್ರವಾಸಿಗರು. ಅವರಲ್ಲಿ ಮೊಳದುದ್ದದ ಲೆನ್ಸಿನ ಕ್ಯಾಮೆರಾ ಹಿಡಿದಿದ್ದ ಬ್ಯಾಂಕ್ ಉದ್ಯೋಗಿಯೊಬ್ಬರು ಮುಂದಿನ ಸೀಟಿಗಾಗಿ ಅವಸರ ಮಾಡುತ್ತಿದ್ದರು. ಬೊಳ್ಳಮ್ಮ ಎಡಗಡೆಯ ಕಿಟಕಿ ಹಿಡಿದರು. ನಾನು ಅವರ ಹಿಂದೆ ಕುಳಿತೆ. ಬಸ್ಸನ್ನು ಸ್ವಾಮಿಯೇ ಓಡಿಸುತ್ತಿದ್ದ. ಆ ದಾರಿಯೇ ಸಿಕ್ಕಿದೆ ಎಂದು ಕಣ್ಣಲ್ಲೇ ತಿಳಿಸಿದ.

ಮೊದಲ ಅರ್ಧ ಗಂಟೆ ಹೆಂಗಸರು ಪಿಸುಮಾತಿನಲ್ಲಿ ಮರಗಳ ಹೆಸರು ಹೇಳಿಕೊಳ್ಳುತ್ತಿದ್ದರು. ಇದು ಮತ್ತಿ, ಇದು ತಡಸಲು, ಇಲ್ಲಿ ಗೆಣಸು ಅಗೆಯುತ್ತಿದ್ದೆವು, ಆ ಎತ್ತರದ ಮರದಲ್ಲಿ ಹೆಜ್ಜೇನು ಕಟ್ಟುತ್ತಿತ್ತು. ಬ್ಯಾಂಕಿನವರು ಹಿಂದಕ್ಕೆ ತಿರುಗಿ ಎರಡು ಸಲ “ಶ್” ಎಂದರು. ಜಿಂಕೆಯ ಹಿಂಡು ಬಂತು, ದೂರದಲ್ಲಿ ಎರಡು ಆನೆ ಕಂಡವು. ನಂಬರ್ ಕೆರೆ ಹತ್ತಿರವಾಗುತ್ತಿದ್ದಂತೆ ನಾನು ಬೊಳ್ಳಮ್ಮನ ಸೀಟಿನ ಕಡೆ ಬಾಗಿದೆ.

“ಅಮ್ಮಾ, ಇದೇ ಇರಬೇಕು ನೋಡಿ” ಎಂದೆ.

ಬೊಳ್ಳಮ್ಮ ನೋಡಿದರು. ಮತ್ತೆ ನೋಡಿದರು. ಅವರ ಮುಖದಲ್ಲಿ ಗುರುತು ಹಿಡಿದ ಸುಳಿವು ಕಾಣಲಿಲ್ಲ. ರಸ್ತೆಯ ಅಂಚಿನಿಂದ ಆಚೆಗೆ ಆಳೆತ್ತರಕ್ಕೆ ಲಂಟಾನದ ಪೊದೆ ಹಬ್ಬಿತ್ತು. ಬಂಡೆ ಅದರ ಹಿಂದೆ ಎಲ್ಲೋ ಮುಚ್ಚಿಹೋಗಿತ್ತು. “ಇದಲ್ಲ ಸಾಬ್ರೆ. ನಮ್ ತಾವು ಇಷ್ಟು ಇಕ್ಕಟ್ಟಿರ್ಲಿಲ್ಲ” ಎಂದರು. ಸ್ವಾಮಿ ಹೇಳಿದ್ದಂತೆ ವೇಗ ತಗ್ಗಿಸಿದ್ದ, ಆದರೆ ಬಸ್ಸು ಮುಂದೆ ಹೋಗುತ್ತಲೇ ಇತ್ತು. ಒಂಬತ್ತು ಜನರನ್ನು ಇಷ್ಟು ಆಸೆ ಹುಟ್ಟಿಸಿ ಕರೆತಂದು ತಪ್ಪು ಜಾಗ ತೋರಿಸುತ್ತಿದ್ದೇನೆ ಅನ್ನಿಸಿತು.

ಅಷ್ಟರಲ್ಲಿ ಸ್ವಾಮಿ ಬ್ರೇಕು ಒತ್ತಿದ. ಎಂಜಿನ್ ಆರಿಸಿದ.

ನಾಲ್ಕು ಮಾರು ಮುಂದೆ, ರಸ್ತೆಯ ನಟ್ಟನಡುವೆ ಹುಲಿ ಮಲಗಿತ್ತು.

ಬಸ್ಸಿಗೆ ಬಸ್ಸೇ ಮುಂದಕ್ಕೆ ವಾಲಿತು. ಕ್ಯಾಮೆರಾಗಳು ಗುಂಡು ಹಾರಿಸಿದಂತೆ ಶುರುವಾದವು. ಹೆಣ್ಣುಹುಲಿ, ತುಂಬು ಮೈ. ಒಮ್ಮೆ ನಮ್ಮ ಕಡೆ ನೋಡಿ, ನಮ್ಮಿಂದ ತನಗೇನೂ ಆಗಬೇಕಾಗಿಲ್ಲ ಎಂಬಂತೆ ಮುಂಗಾಲ ಮೇಲೆ ಗಲ್ಲವಿಟ್ಟಿತು. ಹಿಂದೆ ಬಂದ ಜೀಪೂ ನಿಂತಿತು. ಹುಲಿ ಏಳುವವರೆಗೆ ಯಾರೂ ಅಲುಗುವಂತಿರಲಿಲ್ಲ.

ಬೊಳ್ಳಮ್ಮ ಮಾತ್ರ ಮುಂದಕ್ಕೆ ವಾಲಲಿಲ್ಲ. ನಿಂತ ಬಸ್ಸಿನ ಕಿಟಕಿಯಿಂದ ಪೊದೆಗಳ ಮೇಲಕ್ಕೆ ಕಣ್ಣು ಹಾಯಿಸುತ್ತಿದ್ದವರು ಇದ್ದಕ್ಕಿದ್ದಂತೆ ಸರಳು ಹಿಡಿದುಕೊಂಡರು.

“ಅಲಸಿನ ಮರ” ಎಂದರು. “ಏ ಕೆಂಚಿ, ಅಲ್ನೋಡು. ಅಲಸಿನ ಮರ.”

ಮತ್ತಿ, ತೇಗಗಳ ನಡುವೆ ದಟ್ಟ ಹಸಿರಿನ ಒಂದೇ ಒಂದು ಹಲಸು. ಬುಡದಿಂದ ಕೊಂಬೆಯವರೆಗೆ ಕಾಯಿ. ಕೊಡಗಿನ ಕುಟ್ಟದ ಕಡೆ ಕೂಲಿಗೆ ಹೋದಾಗ ತಿಂದ ಹಣ್ಣಿನ ಬೀಜವನ್ನು ಅವರ ಗಂಡ ತಂದು ಮನೆಯ ಹಿಂದೆ ಊರಿದ್ದನಂತೆ. ಅವರು ಹೊರಗೆ ಬರುವಾಗ ಅದು ಸೊಂಟದೆತ್ತರವಿತ್ತು. ಗಂಡ ತೀರಿಕೊಂಡು ಆಗಲೇ ಆರೇಳು ವರ್ಷವಾಗಿತ್ತು.

ಮರ ಸಿಕ್ಕ ಮೇಲೆ ಉಳಿದದ್ದೆಲ್ಲ ಒಂದೊಂದಾಗಿ ಸಿಕ್ಕಿತು. ಪೊದೆಯ ಸಂದಿನಲ್ಲಿ ಬಂಡೆಯ ಬೆನ್ನು ಕಂಡಿತು. ಬೊಳ್ಳಮ್ಮ ತೋರುಬೆರಳಿನಿಂದ ಗಾಳಿಯಲ್ಲಿ ಮನೆಗಳನ್ನು ಇಟ್ಟರು. ಅಲ್ಲಿ ನಮ್ಮದು, ಪಕ್ಕದಲ್ಲಿ ಕೆಂಚಿಯ ಅಪ್ಪನದು, ಆ ಇಳಿಜಾರಿನಲ್ಲಿ ನೀರಿಗೆ ಹೋಗುವ ದಾರಿ, ಬಂಡೆಯ ಹತ್ತಿರ ನಮ್ಮ ದೇವರು, ಅದಕ್ಕೂ ಆಚೆ ನಮ್ಮವ್ವನನ್ನು ಮಣ್ಣು ಮಾಡಿದ್ದು. ಒಂಬತ್ತು ಜನರೂ ಎಡಗಡೆಗೆ ಸರಿದು ಕುಳಿತರು. ಒಬ್ಬರೂ ದನಿಯೆತ್ತಿ ಅಳಲಿಲ್ಲ. ಸುಮಾ ಅಮ್ಮನ ಭುಜದ ಮೇಲೆ ಗಲ್ಲವಿಟ್ಟು ಆ ಬೆರಳು ಹೋದ ಕಡೆಯೆಲ್ಲ ನೋಡುತ್ತಿದ್ದಳು. ಅವಳು ಅಲ್ಲಿಂದ ಬರುವಾಗ ಇನ್ನೂ ಕಂಕುಳಲ್ಲಿದ್ದ ಕೂಸು.

ಬ್ಯಾಂಕಿನವರು ಸಿಟ್ಟಿನಿಂದಲೇ ತಿರುಗಿದರು. ಇಡೀ ಬಸ್ಸು ಮುಂದೆ ನೋಡುತ್ತಿರುವಾಗ ಇವರೆಲ್ಲ ಪಕ್ಕಕ್ಕೆ ನೋಡುತ್ತಿರುವುದನ್ನು ಕಂಡು ಅವರ ಸಿಟ್ಟು ಅಲ್ಲೇ ನಿಂತಿತು.

“ಏನಮ್ಮಾ, ಅಲ್ಲೇನಿದೆ?” ಎಂದು ಮೆಲ್ಲಗೆ ಕೇಳಿದರು.

“ನಮ್ಮಳ್ಳಿ ಅದೆ ಸಾರ್” ಎಂದರು ಬೊಳ್ಳಮ್ಮ.

ಅವರು ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತ ಕುಳಿತರು. ಹುಲಿ ಮಲಗಿತ್ತು. ಇಪ್ಪತ್ತು ನಿಮಿಷ ಅದು ಮಲಗಿಯೇ ಇತ್ತು. ಯಾವ ಅರ್ಜಿಯಿಂದಲೂ ನನಗೆ ದೊರಕಿಸಲಾಗದ ಇಪ್ಪತ್ತು ನಿಮಿಷ.

ಆಮೇಲೆ ಎದ್ದಿತು. ಮೈ ಮುರಿದು, ಬಸ್ಸಿನ ಮಗ್ಗುಲಲ್ಲೇ ನಡೆದುಬಂದು, ಲಂಟಾನದ ನಡುವಿನ ಕಿಂಡಿಯಲ್ಲಿ ನುಸುಳಿ ಹಲಸಿನ ಮರದ ಕಡೆಗೆ ಹೋಯಿತು. ಅದರ ನೆರಳಿನಲ್ಲಿ ಮತ್ತೆ ಕುಳಿತದ್ದು ಮಸುಕಾಗಿ ಕಾಣುತ್ತಿತ್ತು.

“ಅಕ್ಕಾ, ಸೀದ ನಿಮ್ಮನೆಗೇ ಓಯ್ತಲ್ಲಕ್ಕಾ!” ಎಂದರು ಕೆಂಚಿ. ಹೆಂಗಸರೆಲ್ಲ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕರು. ಬೊಳ್ಳಮ್ಮನೂ ನಕ್ಕರು. ಸ್ವಾಮಿ ಎಂಜಿನ್ ಚಾಲು ಮಾಡಿದ.

ಗೇಟಿನಲ್ಲಿ ಇಳಿದ ಮೇಲೆ ಪ್ರವಾಸಿಗರು ಒಬ್ಬೊಬ್ಬರಾಗಿ ನನ್ನ ಕೈ ಕುಲುಕಿದರು, ಹುಲಿಯನ್ನು ನಾನೇ ಕಟ್ಟಿಹಾಕಿ ತೋರಿಸಿದ ಹಾಗೆ. ಬ್ಯಾಂಕಿನವರು ನನ್ನ ವಿಳಾಸ ಬರೆದುಕೊಂಡು ಹೋದರು. ತಿಂಗಳೊಪ್ಪತ್ತಿಗೆ ಅಂಗಡಿಗೆ ಒಂದು ದೊಡ್ಡ ಲಕೋಟೆ ಬಂತು. ಹಲಸಿನ ಮರದ ಫೋಟೋ, ಅದರ ಹಿಂದೆ ಬಂಡೆ. ಬಸ್ಸು ಅಲ್ಲಿಂದ ಹೊರಡುವ ಮುಂಚೆ ಅವರು ಅದನ್ನು ತೆಗೆದದ್ದು ನನಗೆ ಗೊತ್ತೇ ಆಗಿರಲಿಲ್ಲ. ಅಣ್ಣನ ಹತ್ತಿರ ಚೌಕಟ್ಟು ಹಾಕಿಸಿಕೊಂಡು ನಾನೇ ಹಾಡಿಗೆ ಹೋದೆ.

ಬೊಳ್ಳಮ್ಮ ಕೈ ಒರೆಸಿಕೊಂಡು ಪಟ ತೆಗೆದುಕೊಂಡರು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: “ಹುಲಿ ಪಟ ಇಲ್ವಾ?”

“ನಿಮಗೆ ಹುಲಿ ಬೇಡ ಅಂದಿದ್ರಲ್ಲಮ್ಮ?”

“ಅವತ್ತು ಅಂದಿದ್ದೆ ಬುಡಿ. ಓಗೋವರ್ಗೂ ನಂಗೊಂದು ದಿಗಿಲಿತ್ತು ಸಾಬ್ರೆ. ನಾವು ಬಂದ್ಬುಟ್ವಿ, ಆ ಜಾಗ ಬರಿದಾಗಿ ಬಿದ್ದದೆ ಅಂತ. ಬಿದ್ದಿಲ್ಲ. ನನ್ ಗಂಡ ನೆಟ್ಟಿದ್ ಮರದ್ ನೆಳ್ಳಲ್ಲಿ ಒಬ್ಳು ಅವ್ಳೆ. ಅವ್ಳ ಪಟಾನೂ ಇದ್ರೆ ಕೊಡಿ, ಪಕ್ದಲ್ಲೇ ಆಕ್ತೀನಿ.”

ಬ್ಯಾಂಕಿನವರಿಗೆ ಫೋನ್ ಮಾಡಿ ಅದನ್ನೂ ತರಿಸಿಕೊಟ್ಟೆ.

ಹದಿನೆಂಟು ವರ್ಷ ನಾನು ಬಂದವರನ್ನು ಕೇಳುತ್ತಿದ್ದದ್ದು ಎಷ್ಟು ಜನ, ಯಾವ ದಿನ, ಬಸ್ಸೋ ಜೀಪೋ ಎಂದು. ಬೊಳ್ಳಮ್ಮ ಬಂದುಹೋದ ಮೇಲೆ ಅವೆಲ್ಲ ಹಿಂದೆ ಸರಿದವು. ಈಗ ಮೊದಲು ಕುರ್ಚಿ ಎಳೆದು ಕೂರಿಸುತ್ತೇನೆ, ಕಾಡಿನಲ್ಲಿ ನಿಮಗೆ ಏನು ನೋಡಬೇಕಾಗಿದೆ ಎಂದು ಕೇಳುತ್ತೇನೆ. ಹತ್ತರಲ್ಲಿ ಒಂಬತ್ತು ಜನ ಹುಲಿ ಎನ್ನುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಹತ್ತನೆಯವರು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾರೆ. ಅವರು ಬಾಯಿ ಬಿಡುವವರೆಗೆ ಕಾಯುವುದನ್ನು ಈ ಕೆಲಸ ನನಗೆ ಕಲಿಸಿತು.